ಹುಲ್ಲಿನ ಗ್ಯಾಸಿನ ಲೆಕ್ಕ ಡೇರಿ ಗೋಡೆಗೂ ಬರಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮಳೆ ಕೈಕೊಟ್ಟ ವರ್ಷ ನಾವು ಮೇವು ಕೊಳ್ಳುವುದು ಕಣ್ಣಳತೆಯಲ್ಲೇ. ರಾಗಿ ಹುಲ್ಲೋ, ಶೇಂಗಾ ಹೊಟ್ಟೋ, ಮೆಕ್ಕೆಜೋಳದ ದಂಟೋ, ಲೋಡಿಗಿಷ್ಟು ಅಂತ ದುಡ್ಡು ಎಣಿಸುತ್ತೇವೆ. ದನದ ಹೊಟ್ಟೆಯಲ್ಲಿ ಅದೆಷ್ಟು ಕರಗುತ್ತದೆ ಅಂತ ಕೇಳುವವರಿಲ್ಲ.

ಇದನ್ನು ಅಂದಾಜು ಮಾಡುವ ಸರಳ ವಿಧಾನವನ್ನು ಜರ್ಮನಿಯ ಹೋಹೆನ್‌ಹೈಮಿನ ವಿಜ್ಞಾನಿಗಳು 1979ರಲ್ಲೇ ಪ್ರಕಟಿಸಿದರು. ಪುಡಿ ಮಾಡಿದ ಮೇವು 200 ಮಿಲಿಗ್ರಾಂ, ದನದ ಮೊದಲ ಹೊಟ್ಟೆಯ ರಸ ಬೆರೆಸಿದ ದ್ರಾವಣ 30 ಮಿ.ಲೀ. ಗಾಜಿನ ಸಿರಿಂಜಿಗೆ ಹಾಕಿ 39 ಡಿಗ್ರಿ ಬಿಸಿಯಲ್ಲಿ 24 ತಾಸು ಇಡುತ್ತಾರೆ. ಹುದುಗಿದಂತೆ ಗ್ಯಾಸು ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಗೆರೆ ಓದಿದರಾಯಿತು. ಬರೀ ರಸದಿಂದ ಬಂದಷ್ಟನ್ನು ಕಳೆದರೆ ಉಳಿದದ್ದು ಮೇವಿನದು. ಬೆಂಗಳೂರು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯಲ್ಲೂ ಇಂಥ ಪರೀಕ್ಷೆ ಮಾಡುತ್ತಾರೆ.

ಆದರೆ ಗ್ಯಾಸು ಜಾಸ್ತಿ ಬಂದದ್ದೇ ಒಳ್ಳೇ ಮೇವು ಅಂದುಬಿಟ್ಟರೆ ನಮ್ಮ ಶೇಂಗಾ ಹೊಟ್ಟಿಗೆ ಅನ್ಯಾಯ. ಪ್ರೋಟೀನು ಹುದುಗುವಾಗ ಗ್ಯಾಸು ಕಡಿಮೆ. ಬಂದ ಗ್ಯಾಸಿನಲ್ಲೂ ಒಂದು ಪಾಲು ಮೀಥೇನು, ತೇಗಿನಲ್ಲಿ ಹೋಗುವ ನಷ್ಟ. ಹಾಗಾಗಿ ಪ್ರೋಟೀನಿನ ಅಂಕಿಯೂ ಜತೆಗಿರಬೇಕು. ದನ ಎಷ್ಟು ತಿಂದೀತು ಅನ್ನೋದು ಮಾತ್ರ ಸಿರಿಂಜಿಗೆ ತಿಳಿಯದು, ಅದನ್ನು ಗೋದಲಿಯೇ ಹೇಳಬೇಕು.

ನನ್ನ ಕೇಳಿಕೆ ಇಷ್ಟೇ. ಈ ನಾಲ್ಕು ತಾಲ್ಲೂಕಿನ ಬಣವೆಗಳಿಂದಲೇ ಮಾದರಿ ಒಯ್ದು ಅಳೆಯಲಿ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಮೂರು ವಾರ ಮುಚ್ಚಿಟ್ಟದ್ದನ್ನೂ, ಏನೂ ಮಾಡದ್ದನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಬೇಸಿಗೆಯ ಮೇವಿನ ವ್ಯಾಪಾರ ಶುರುವಾಗುವ ಮೊದಲೇ ಅಂಕಿಗಳನ್ನು ಕನ್ನಡದಲ್ಲಿ ಬರೆದು ಡೇರಿ ಗೋಡೆಗೆ ಅಂಟಿಸಲಿ.