ಇಳಿದದ್ದೂ 25, ಏರಿದ್ದೂ 25

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಎಂಟನೇ ಕ್ಲಾಸಿನ ಅವಳ ಮಗ ಪೋಕೆಮಾನ್ ಆಡ್ತಾ ಕೂತಿದ್ದ. ‘ಮಾಮ, 1.5 ಪಟ್ಟು ಇದ್ದ ಹೊಡೆತ 2 ಪಟ್ಟು ಆದ್ರೆ ಶೇಕಡಾ 50 ಜಾಸ್ತಿ ತಾನೇ?’ ಅಂದ. ‘ಹೂಂ’ ಅನ್ನೋಕೆ ಹೋದವನು ತಡೆದೆ. ಇಂಜಿನಿಯರ್ ಅಂತ ನಂಬಿ ಕೇಳಿದ್ದಾನೆ, ತಪ್ಪು ಹೇಳಬಾರದಲ್ಲ!

ಆ ಆಟದಲ್ಲಿ ಪೋಕೆಮಾನ್ ತನ್ನದೇ ಬಗೆಯ ದಾಳಿ ಮಾಡಿದರೆ, ಅಂದರೆ ಬೆಂಕಿಯದು ಬೆಂಕಿಯನ್ನೇ ಉಗುಳಿದರೆ, ಹೊಡೆತ 1.5 ಪಟ್ಟಾಗುತ್ತದೆ. ‘ಅಡಾಪ್ಟಬಿಲಿಟಿ’ ಎಂಬ ಗುಣ ಇದ್ದರೆ 2 ಪಟ್ಟು. ಮೂಲ ಹೊಡೆತ 100 ಅಂತಿಟ್ಟುಕೊಳ್ಳಿ. ಮೊದಲು 150, ಆಮೇಲೆ 200. ಹೆಚ್ಚಾದದ್ದು 50 ನಿಜ. ಆದರೆ ಅದನ್ನು ಭಾಗಿಸಬೇಕಾದ್ದು 100ರಿಂದ ಅಲ್ಲ, ಆಗಲೇ ಕೈಲಿದ್ದ 150ರಿಂದ. ಉತ್ತರ ಶೇ. 33 ಚಿಲ್ಲರೆ.

‘ಹಾಗಾದ್ರೆ 2ರಿಂದ 1.5ಕ್ಕೆ ಇಳಿದ್ರೂ 33ಏನಾ?’ ಹುಡುಗ ಬಿಡಲಿಲ್ಲ. ಅಂಥದ್ದೂ ಆಗಿದೆ. 2 ಪಟ್ಟು ಇದ್ದ ‘ಕ್ರಿಟಿಕಲ್ ಹಿಟ್’ 2013ರ ಎಕ್ಸ್ ಮತ್ತು ವೈ ಆಟಗಳಿಂದ 1.5 ಪಟ್ಟಿಗೆ ಇಳಿಯಿತು. ಹೋದದ್ದು ಅದೇ 50, ಆದರೆ ಈ ಸಲ ಭಾಗಿಸುವುದು 200ರಿಂದ. ಅಂದರೆ ಶೇ. 25. ಇಳಿಯುವಾಗ 25, ಮತ್ತೆ ಅಲ್ಲಿಗೇ ಏರಬೇಕಾದರೆ 33!

ಇಷ್ಟು ಬರೆದಾಗ ನನ್ನ ಕೈ ನಿಂತುಹೋಯ್ತು.

2020ರಲ್ಲಿ ನಾನಿದ್ದ ಕಂಪನಿ ಎಲ್ಲರ ಸಂಬಳದಲ್ಲಿ ಶೇ. 25 ಕಡಿತ ಮಾಡಿತ್ತು. ನನ್ನ 60,000 ರೂಪಾಯಿ 45,000 ಆಯ್ತು. ವರ್ಷದ ಮೇಲೆ ‘ಶೇ. 25 ಹೆಚ್ಚಳ’ ಅಂತ ಮೇಲ್ ಬಂತು. ಕಡಿದದ್ದು ವಾಪಸ್ ಬಂತು ಅಂತ ಎಲ್ಲರೂ ಬಿರಿಯಾನಿ ತಿಂದ್ವಿ. 45,000ದ ಶೇ. 25 ಅಂದ್ರೆ 11,250. ಒಟ್ಟು 56,250. ತಿಂಗಳಿಗೆ 3,750 ಖೋತಾ. ಪಿಎಫ್, ಟ್ಯಾಕ್ಸ್ ಅಂತ ಏನೋ ಹಿಡಿದಿರಬೇಕು ಅಂದುಕೊಂಡು ಒಂದೂವರೆ ವರ್ಷ ಸುಮ್ಮನಿದ್ದೆ. 67,500 ರೂಪಾಯಿ! ಮುಂದಿನ ಕಂಪನಿಯಲ್ಲಿ ‘ಈಗಿನ ಸಂಬಳದ ಮೇಲೆ ಶೇ. 30’ ಕೇಳಿದ್ದೂ ಆ ಕಮ್ಮಿ ಸಂಬಳದ ಮೇಲೇ.

‘ನೀನು ಇಂಜಿನಿಯರ್ ಅಲ್ವಾ ಮಾಮ?’ ಅಂದ ಹುಡುಗ. ಅಕ್ಕ ಅಡುಗೆಮನೆಯಿಂದಲೇ ನಕ್ಕಳು.

ಲೆಕ್ಕ ಕಷ್ಟದ್ದೇನಲ್ಲ. ಹೊಸದನ್ನು ಹಳೆಯದರಿಂದ ಭಾಗಿಸಿ, 1 ಕಳೆದು, 100ರಿಂದ ಗುಣಿಸಿ. ಫೋನಿನ ಕ್ಯಾಲ್ಕುಲೇಟರ್ ಸಾಕು. ಈ ತಿಂಗಳು ನಿಮ್ಮಲ್ಲಿ ಅಪ್ರೈಸಲ್ ಇದ್ದರೆ, ಶೇಕಡಾ ಎಷ್ಟು ಅಂತ ಹೇಳಿದ ತಕ್ಷಣ ಥ್ಯಾಂಕ್ಸ್ ಹೇಳಬೇಡಿ. ‘ಯಾವುದರ ಮೇಲೆ?’ ಅಂತ ಮೊದಲು ಕೇಳಿ. ನಾನು ಕೇಳಿರಲಿಲ್ಲ.