ಲೆಕ್ಕ ತಪ್ಪಿಸುವ ಚಟ

ಬೆಂಗಳೂರಿನ ಗಂಗಾನಗರದಲ್ಲಿ ಬಳ್ಳಾರಿ ರಸ್ತೆ ಬದಿಯ ಕಾಂಡಿಮೆಂಟ್ಸ್ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಂತರೆ ಟೀ ಜೊತೆ ಸಿಗರೇಟು ಸೇದುವವರು ಎಷ್ಟು ಮಂದಿ ಎಂದು ಎಣಿಸಿಬಿಡಬಹುದು. ವೇಪ್, ಅಂದರೆ ಇ-ಸಿಗರೇಟು, ಎಳೆಯುವವರನ್ನು ಎಣಿಸುವುದು ಕಷ್ಟ. ಪೆನ್‌ಡ್ರೈವ್‌ಗಿಂತ ತುಸು ದಪ್ಪಗಿನ ಅದು ಅಂಗೈಯಲ್ಲೇ ಅಡಗಿರುತ್ತದೆ. ಒಂದು ದಮ್ಮು, ತುದಿಯಲ್ಲಿ ಮಿನುಗಿ ಆರುವ ಪುಟ್ಟ ದೀಪ, ಪುದೀನದ್ದೋ ಮಾವಿನದ್ದೋ ವಾಸನೆ, ಅಷ್ಟೇ. ಬೂದಿ ಇಲ್ಲ, ಮೋಟು ಇಲ್ಲ.

ಕರ್ನಾಟಕ ಇದರ ಮಾರಾಟವನ್ನು 2016ರಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿಸಿದರೆ, ಆಮದು ಮಾಡಿದರೆ, ಮಾರಿದರೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎಳೆಯುವವನಿಗೆ ಶಿಕ್ಷೆ ಹೇಳಿಲ್ಲ. ಅದು ಸರಿ. ಆದರೆ ಮಾರುವವನನ್ನು ಹಿಡಿಯುವ ಗಡಿಬಿಡಿಯಲ್ಲಿ ಎಳೆಯುವವನು ಯಾರು, ಹೇಗೆ ಎಳೆಯುತ್ತಾನೆ ಎಂದು ವಿಚಾರಿಸುವುದನ್ನೇ ನಾವು ಬಿಟ್ಟೆವು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇ-ಸಿಗರೇಟಿನ ಹೆಸರು ಕೇಳಿದ್ದ ವಯಸ್ಕರೇ ಶೇ 3ರಷ್ಟು. ಆ ಅಂಕಿಯನ್ನು ನಂಬಿಕೊಂಡು ಇಂದಿನ ಪಿಜಿ, ಕಾಲೇಜುಗಳ ಬಗ್ಗೆ ನಿಶ್ಚಿಂತೆಯಿಂದ ಇರಲಾಗದು.

ಬಳಸುವವರಲ್ಲಿ ಒಂದು ಬಗೆ, ಸಿಗರೇಟು ಬಿಡಬೇಕೆಂದು ಇದನ್ನು ಹಿಡಿದವರು. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಸಿಗರೇಟಿನಿಂದ ಬಿಡಿಸಲು ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಿಂತ ಇದೇ ಹೆಚ್ಚು ನೆರವಾಗುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಪರಾಮರ್ಶೆಗಳೂ ಹೇಳಿವೆ. ಆದರೆ ಅರ್ಧದಾರಿಯಲ್ಲೇ ನಿಂತವರು ಬಹಳ: ಟೀ ಅಂಗಡಿಯಲ್ಲಿ ಸಿಗರೇಟು, ಆಫೀಸಿನೊಳಗೆ ವೇಪ್. ಒಂದು ಚಟ ಹೋಗಿ ಎರಡಾಯಿತು.

ನನಗೆ ನಿಜವಾದ ಆತಂಕ ಇನ್ನೊಂದು ಬಗೆಯವರದು, ಸಿಗರೇಟನ್ನೇ ಮುಟ್ಟದ ಹುಡುಗ ಹುಡುಗಿಯರದು. ಅಮೆರಿಕದಲ್ಲಿ 2019ರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳ ಪೈಕಿ ಶೇ 27.5ರಷ್ಟು ಮಂದಿ ವೇಪ್ ಎಳೆಯುತ್ತಿದ್ದರು. ಮೊದಲ ಸಿಗರೇಟಿಗೆ ಗಂಟಲು ಉರಿದು ಕೆಮ್ಮು ಬರುತ್ತಿತ್ತು; ಎಷ್ಟೋ ಮಕ್ಕಳನ್ನು ಆ ಕೆಮ್ಮೇ ಕಾಪಾಡಿದೆ. ಈಗಿನ ವೇಪ್‌ಗಳ ದ್ರವ ತುಂಬಿದ ಪಾಡ್‌ಗಳಲ್ಲಿರುವ ನಿಕೋಟಿನ್ ಲವಣ ಗಂಟಲನ್ನು ಅಷ್ಟು ಕೆರೆಯುವುದಿಲ್ಲ. ಮೇಲೆ ಹಣ್ಣಿನ ರುಚಿ ಬೇರೆ.

ಇನ್ನು ಅಭ್ಯಾಸದ ಮಾತು. ಸಿಗರೇಟು ಐದಾರು ನಿಮಿಷಕ್ಕೆ ಮುಗಿಯುತ್ತದೆ. ಇನ್ನೊಂದು ಬೇಕೆಂದರೆ ಎದ್ದು ಹೊರಗೆ ಹೋಗಬೇಕು, ದುಡ್ಡು ಕೊಡಬೇಕು, ಕಡ್ಡಿ ಗೀರಬೇಕು. ವೇಪ್‌ಗೆ ಆ ತಡೆ ಯಾವುದೂ ಇಲ್ಲ. ಹಾಸಿಗೆಯಲ್ಲಿ ಎರಡು ದಮ್ಮು, ಬಚ್ಚಲಲ್ಲಿ ಮೂರು, ಲಿಫ್ಟ್ ಕಾಯುತ್ತಾ ಒಂದು. ದಿನಕ್ಕೆ ಎಷ್ಟು ಎಂದರೆ ಎಳೆಯುವವನಿಗೇ ಗೊತ್ತಿರುವುದಿಲ್ಲ. "ಸಿಗರೇಟು ಸೇದ್ತೀರಾ?" ಎಂದು ವೈದ್ಯರು ಕೇಳಿದರೆ "ಇಲ್ಲ ಡಾಕ್ಟ್ರೇ" ಎನ್ನುತ್ತಾನೆ, ಅದು ಸುಳ್ಳೂ ಅಲ್ಲ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕಾಗುತ್ತದೆ ಎಂಬುದರ ಮೇಲೆ ನಿಕೋಟಿನ್ ಚಟದ ಆಳ ಅಳೆಯುವ ಪದ್ಧತಿ ಹಿಂದಿನಿಂದ ಇದೆ. ವೇಪ್ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಅದೇ.

ಹಾಗಾದರೆ ನಿಷೇಧ ತೆಗೆದು ಬ್ರಿಟನ್ನಿನಂತೆ ನಿಯಮದಡಿ ಮಾರಲು ಬಿಡಬಾರದೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮೀರಬಾರದೆಂದು ಮಿತಿ ಹಾಕಿದ್ದ ಆ ದೇಶವೇ, ಮಕ್ಕಳ ಕೈಗೆ ಸಿಗುತ್ತಿದೆ ಎಂದು ಬಳಸಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಕದ್ದು ಮಾರುವ ಸರಕಿನೊಳಗೆ ಏನಿದೆ ಎಂದು ಪರೀಕ್ಷಿಸುವವರೂ ಇಲ್ಲ. ಮಾರುವವನ ಮೇಲೆ ಕಾನೂನು ಬಿಗಿಯಾಗಿಯೇ ಇರಲಿ. ಎಳೆಯುವವನು ಮಾತ್ರ ಹೆದರಿ ಇನ್ನಷ್ಟು ಬಚ್ಚಿಟ್ಟುಕೊಳ್ಳುವಂತೆ ಆಗಬಾರದು.

ಮನೆಯಲ್ಲಿ ಮಗನದೋ ಮಗಳದೋ ಚೀಲದಲ್ಲಿ ಅದು ಸಿಕ್ಕರೆ ಮೊದಲ ದಿನವೇ ಹೊಡೆದು ಬೈದು ರಂಪ ಮಾಡಬೇಡಿ. ಯಾವಾಗ ಶುರುವಾಯಿತು, ಎದ್ದ ಕೂಡಲೇ ಬೇಕಾಗುತ್ತದೆಯೇ ಎಂದು ಕೂತು ಕೇಳಿ. ನಿಮ್ಹಾನ್ಸ್‌ನಲ್ಲಿ ತಂಬಾಕು ಚಟ ಬಿಡಿಸುವ ಚಿಕಿತ್ಸೆ ಇದೆ. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ವೇಪ್ ಹಿಡಿದವರೂ ಸಂಕೋಚವಿಲ್ಲದೆ ಅದಕ್ಕೆ ಕರೆ ಮಾಡಲಿ.