ಬಿಗಿಯಾದ ಜಾಗಕ್ಕೆ ಸುತ್ತಿಗೆ ಮದ್ದಲ್ಲ



ಮನೆಯ ಗಂಡಸರು ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿದರೆಂದರೆ, ಅಥವಾ ಓಮ್ನಿಯ ಮುಂದಿನ ಸೀಟು ಎತ್ತಿ ಇಂಜಿನ್ನಿಗೆ ಕೈ ಹಾಕಿದರೆಂದರೆ, ನಮಗೆ ಎರಡು ಕೆಲಸಗಳು ಖಾಯಂ. ಒಂದು, ಟಾರ್ಚ್ ಹಿಡಿದು ನಿಲ್ಲುವುದು. ಇನ್ನೊಂದು, ಕೆಲಸ ಕೈಗೂಡದಿದ್ದಾಗ ಹೊರಬೀಳುವ ಸಿಟ್ಟಿಗೆ ಕಿವಿಯಾಗುವುದು. ಹಾಗಿರುವಾಗ ಆ ಕೆಲಸದ ಬಗ್ಗೆ ನಾವೂ ನಾಲ್ಕು ಮಾತು ತಿಳಿದಿದ್ದರೆ ತಪ್ಪೇನು?

ತೊಗರ್ಸಿಯಂತಹ ಊರಿನಲ್ಲಿ ಗಾಡಿಯನ್ನು ಮನೆಯಲ್ಲೇ ರಿಪೇರಿ ಮಾಡುವುದು ಅನಿವಾರ್ಯವೂ ಹೌದು. ಬಿಡಿಭಾಗ ಬೇಕೆಂದರೆ ಶಿರಾಳಕೊಪ್ಪಕ್ಕೋ ಶಿಕಾರಿಪುರಕ್ಕೋ ಹೋಗಬೇಕು. ಮೆಕ್ಯಾನಿಕ್ ಬರುವವರೆಗೆ ಕಾದರೆ ಆ ದಿನದ ದುಡಿಮೆ ಹೋಯಿತು. ಮಾರುತಿ ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದೆ. ಆದರೂ ಹಳೆಯ ಓಮ್ನಿಯನ್ನೇ ನಂಬಿ ಬದುಕುವ ಮನೆಗಳು ಇವತ್ತಿಗೂ ಇವೆ. ಮನೆಗೆಲಸದಲ್ಲಿ ಕೈಯಾಡಿಸುವುದು ಕೀಳಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಅವರು ಮನೆಯವರಿಗೆ ನೆರವಾಗುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು, ಪಾದರಕ್ಷೆ ರಿಪೇರಿ ಮಾಡಿಕೊಳ್ಳುತ್ತಿದ್ದರು, ನಮಾಝ್‌ನ ವೇಳೆಯಾದಾಗ ಎದ್ದು ಹೋಗುತ್ತಿದ್ದರು.

ಕಾರಿನ ರಿಪೇರಿಯಲ್ಲಿ ತಾಳ್ಮೆಯನ್ನು ಬಹಳವಾಗಿ ಪರೀಕ್ಷಿಸುವ ಒಂದು ಕೆಲಸವಿದೆ. ಅದೇ ಬಿಚ್ಚಿದ ಆಲ್ಟರ್ನೇಟರನ್ನು ಮರಳಿ ಕೂರಿಸುವುದು. ನಮ್ಮವರು ಕೆಲವರು ಇದನ್ನು ಡೈನಮೋ ಎಂದೇ ಕರೆಯುತ್ತಾರೆ. ಇಂಜಿನ್ ತಿರುಗಿದಾಗ ಬೆಲ್ಟಿನ ಮೂಲಕ ಇದೂ ತಿರುಗಿ ವಿದ್ಯುತ್ ತಯಾರಿಸುತ್ತದೆ. ದೀಪ, ಹಾರ್ನ್, ವೈಪರ್‌ಗಳಿಗೆ ಕರೆಂಟು ಕೊಟ್ಟು ಬ್ಯಾಟರಿಯನ್ನೂ ತುಂಬಿಸುತ್ತದೆ. ಇದು ಕೆಟ್ಟರೆ ಗಾಡಿ ಬ್ಯಾಟರಿಯ ಬಲದಲ್ಲಿ ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ. ಅದು ಮಳೆಗಾಲದ ರಾತ್ರಿಯಾಗಿದ್ದು, ಒಳಗೆ ಆಸ್ಪತ್ರೆಗೆ ಹೊರಟ ಬಸುರಿ ಇದ್ದರೆ ಏನು ಗತಿ?

ಆಲ್ಟರ್ನೇಟರನ್ನು ಬಿಚ್ಚುವಾಗ ಅದು ಸಲೀಸಾಗಿ ಬರುತ್ತದೆ. ರಿಪೇರಿ ಮಾಡಿಸಿ ತಂದು ಹಾಕಹೊರಟರೆ ಒಳಹೋಗುವುದಿಲ್ಲ. ನಿನ್ನೆಯವರೆಗೆ ಅದೇ ಜಾಗದಲ್ಲಿದ್ದ ವಸ್ತುವಿಗೆ ಇವತ್ತು ಅಲ್ಲಿ ಜಾಗವಿಲ್ಲ! ಕೂದಲೆಳೆಯಷ್ಟು ಅಂತರಕ್ಕೆ ಅರ್ಧ ದಿನ ಕಳೆಯುತ್ತದೆ.

ಇದರ ಕಾರಣ ಸರಳ. ಆಲ್ಟರ್ನೇಟರಿನ ಮೈ ಅಲ್ಯೂಮಿನಿಯಮ್ಮಿನದು. ಅದಕ್ಕೆ ಎರಡು ಕಿವಿಗಳಿರುತ್ತವೆ. ಇಂಜಿನ್ನಿಗೆ ಬಿಗಿದಿರುವ ಬ್ರಾಕೆಟ್ ಈ ಕಿವಿಗಳ ನಡುವೆ ಕೂರುತ್ತದೆ. ಎಲ್ಲವನ್ನೂ ತೂರಿಕೊಂಡು ಒಂದು ಉದ್ದನೆಯ ಬೋಲ್ಟು ಹೋಗುತ್ತದೆ. ಹಲವು ಗಾಡಿಗಳಲ್ಲಿ ಒಂದು ಕಿವಿಯ ರಂಧ್ರದೊಳಗೆ ಉಕ್ಕಿನ ಪುಟ್ಟ ಕೊಳವೆಯಂತಹ ಬುಶ್ ಇರುತ್ತದೆ. ಬೋಲ್ಟು ಬಿಗಿದಂತೆಲ್ಲ ಬುಶ್ ಒಳಕ್ಕೆ ಜರುಗಿ ಬ್ರಾಕೆಟ್ಟನ್ನು ಒತ್ತಿ ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿನ ಕಿವಿ ಬಾಗಿ ಮುರಿಯದಿರಲೆಂದೇ ಈ ಏರ್ಪಾಡು. ಬೋಲ್ಟು ಬಿಚ್ಚಿದರೂ ಬುಶ್ ಹಿಂದಕ್ಕೆ ಸರಿಯುವುದಿಲ್ಲ, ಒಳಕ್ಕೆ ಜರುಗಿದಲ್ಲೇ ಉಳಿಯುತ್ತದೆ. ಜೊತೆಗೆ ನಮ್ಮ ಕಡೆಯ ಮಳೆಗೆ ಬ್ರಾಕೆಟ್ ತುಕ್ಕು ಹಿಡಿದು ಉಬ್ಬಿರುತ್ತದೆ. ಜಾಗ ಕಿರಿದಾಗುವುದು ಹೀಗೆ.

ಈ ಹಂತದಲ್ಲಿ ಹೆಚ್ಚಿನವರು ಕೈಗೆತ್ತಿಕೊಳ್ಳುವುದು ಸುತ್ತಿಗೆ. ಅದೂ ಸೋತರೆ ಹಾರೆ. ಅಲ್ಯೂಮಿನಿಯಂ ಕಬ್ಬಿಣದಂತಲ್ಲ, ಮೀಟಿದರೆ ಸೀಳುತ್ತದೆ. ಕಿವಿ ಸೀಳಿದರೆ ಸಣ್ಣ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಇಡೀ ಆಲ್ಟರ್ನೇಟರಿನ ಬೆಲೆ ತೆರಬೇಕಾಗುತ್ತದೆ. ಸುತ್ತಿಗೆ ಜಾರಿ ಬೆರಳು ಜಜ್ಜಿದರೆ ಅದರ ಖರ್ಚು ಬೇರೆ.

ಸರಿಯಾದ ದಾರಿ ಇದು. ಬಿಚ್ಚುವ ಮೊದಲೇ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಗಾಡಿ ನಿಂತಿದ್ದಾಗಲೂ ಕರೆಂಟು ಇರುತ್ತದೆ. ಪಾನಾ ತಗುಲಿದರೆ ಕಿಡಿ ಹಾರುತ್ತದೆ. ಬೆಲ್ಟು ಮತ್ತು ತಂತಿಗಳು ಹೇಗಿದ್ದವೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಡಿ. ಟಾರ್ಚ್ ಹಿಡಿದು ನಿಂತವರು ಇವೆರಡನ್ನು ಮಾಡಿದರೂ ಅರ್ಧ ಕೆಲಸ ಹಗುರ.

ಹೊಸ ಆಲ್ಟರ್ನೇಟರ್ ತಂದಿದ್ದರೆ ಮೊದಲು ಹಳೆಯದರ ಪಕ್ಕದಲ್ಲಿಟ್ಟು ಕಿವಿಗಳ ಅಂತರವನ್ನು ಅಳೆದು ನೋಡಬೇಕು. ಅಳತೆಯೇ ಬೇರೆಯಾಗಿದ್ದರೆ ಅದು ನಿಮ್ಮ ಗಾಡಿಯದಲ್ಲ, ಅಂಗಡಿಗೆ ಹಿಂತಿರುಗಿಸಿ. ಅಳತೆ ಸರಿಯಿದ್ದರೆ ಬ್ರಾಕೆಟ್ಟಿನ ತುಕ್ಕನ್ನು ತಂತಿಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಉಜ್ಜಿ ತೆಗೆಯಿರಿ. ಅನಂತರ ಬುಶ್ಶನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ಸರಿಸಬೇಕು. ಅದಕ್ಕೆ ಬಡಿಯುವ ಅಗತ್ಯವೂ ಇಲ್ಲ. ಕಿವಿಯ ಹೊರಗಡೆ ಬುಶ್ಶಿಗಿಂತ ಅಗಲವಾದ ಬಾಯಿಯ ಬಾಕ್ಸ್ ಸ್ಪ್ಯಾನರ್ ಇಡಿ. ಒಳಗಡೆಯಿಂದ ಬುಶ್ಶಿನ ಅಂಚಿಗೆ ಮಾತ್ರ ತಾಗುವ ಪುಟ್ಟ ವಾಷರ್ ಹಾಕಿ ಒಂದು ಬೋಲ್ಟನ್ನು ತೂರಿಸಿ, ಹೊರಗಿನಿಂದ ನಟ್ಟು ತಿರುಗಿಸುತ್ತಾ ಹೋಗಿ. ಬುಶ್ ತಾನಾಗಿಯೇ ಹೊರಕ್ಕೆ ಬರುತ್ತದೆ. ಕೆಲವು ಗಾಡಿಗಳಲ್ಲಿ ಬುಶ್ ಬ್ರಾಕೆಟ್ಟಿನಲ್ಲಿರುತ್ತದೆ, ಉಪಾಯ ಅದೇ.

ಈಗ ಆಲ್ಟರ್ನೇಟರ್ ತನ್ನ ಜಾಗದಲ್ಲಿ ಕೂರುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಹತ್ತಿಸಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದನ್ನು ಹುಡುಕಹೋದರೆ ರಂಧ್ರ ಕೂಡುವುದಿಲ್ಲ. ಬೆಲ್ಟು ಹಾಕಿ ಎಳೆದು ಬಿಗಿಯಿರಿ. ಹಳೆಯ ಮಾದರಿಯ ಗಾಡಿಗಳಲ್ಲಿ ಬೆಲ್ಟಿನ ಉದ್ದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 1 ಸೆಂಟಿಮೀಟರ್ ತಗ್ಗಿದರೆ ಹದ ಸರಿ. ಸಡಿಲಾದರೆ ಬೆಲ್ಟು ಕಿರುಚುತ್ತದೆ, ವಿಪರೀತ ಬಿಗಿದರೆ ಬೇರಿಂಗ್ ಸವೆಯುತ್ತದೆ. ಬ್ಯಾಟರಿಯ ತಂತಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ. ಇಂಜಿನ್ ಓಡುವಾಗ ಮೀಟರ್ ಹಿಡಿದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. ಪರೀಕ್ಷಿಸಲೆಂದು ಓಡುತ್ತಿರುವ ಇಂಜಿನ್ನಿನ ಬ್ಯಾಟರಿ ತಂತಿ ಕಳಚುವ ಹಳೆಯ ರೂಢಿಯನ್ನು ಬಿಟ್ಟುಬಿಡಿ, ಅದರಿಂದ ಆಲ್ಟರ್ನೇಟರೇ ಸುಟ್ಟುಹೋಗಬಹುದು. ದುಪಟ್ಟಾದ ತುದಿ, ಬುರ್ಖಾದ ತೋಳು, ಮಕ್ಕಳ ಕೈ, ಇವು ಯಾವುದೂ ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು.

ಈ ಹದದ ವಿಚಾರ ನಮಗೆ ಹೊಸತೇನಲ್ಲ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟನು. ಉಕ್ಕಿನ ಕವಚಗಳನ್ನು ತಯಾರಿಸುವಂತೆಯೂ ಅವುಗಳ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸುವಂತೆಯೂ ಆಜ್ಞಾಪಿಸಿದನು. ಸೂರಃ ಸಬಾದಲ್ಲಿ ಈ ಪ್ರಸ್ತಾಪವಿದೆ. ಅದನ್ನು ವಿವರಿಸುತ್ತಾ ಇಬ್ನು ಅಬ್ಬಾಸ್(ರ)ರ ಶಿಷ್ಯರಾದ ಇಮಾಮ್ ಮುಜಾಹಿದ್ ಒಂದು ಕುಶಲಕರ್ಮಿಯ ಮಾತನ್ನೇ ಹೇಳಿದ್ದಾರೆ: ಮೊಳೆ ಕೊಂಡಿಯಲ್ಲಿ ಅಲ್ಲಾಡುವಷ್ಟು ಸಪೂರವೂ ಆಗಿರಬಾರದು, ಕೊಂಡಿಯನ್ನೇ ಒಡೆಯುವಷ್ಟು ದಪ್ಪವೂ ಆಗಿರಬಾರದು ಎಂಬುದು ಅದರ ತಾತ್ಪರ್ಯ. ಕಬ್ಬಿಣವನ್ನೇ ಮೆದುವಾಗಿ ಪಡೆದ ಪ್ರವಾದಿಗೂ ಅಳತೆಯ ಆಜ್ಞೆಯಿತ್ತು. ಹಾಗಿರುವಾಗ ಕೈಯಲ್ಲಿ ಸುತ್ತಿಗೆ ಇದೆಯೆಂದು ನಾವು ಅಳತೆಯನ್ನು ಮರೆಯಬಹುದೇ?

ಕೆಲಸ ಕೈಗೂಡದೆ ನಿಮ್ಮವರು ಸಿಡುಕತೊಡಗಿದರೆ ವಾದಕ್ಕಿಳಿಯಬೇಡಿ. ಸಿಟ್ಟು ಬಂದಾಗ ನಿಂತಿದ್ದವರು ಕುಳಿತುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. "ಏನ್ರೀ, ಒಂದು ಗಳಿಗೆ ಕೂತ್ಕೊಳ್ಳಿ, ಚಾ ತರ್ತೀನಿ. ಆ ಬುಶ್ ಎಷ್ಟು ಒಳಗೆ ಹೋಗಿದೆ ನೋಡೋಣ" ಎಂದರೆ ಸಾಕು. ನೀವು ಕೆಲಸ ಬಲ್ಲವರಂತೆ ಆಡಿದ ಆ ಮಾತು ಉಪದೇಶಕ್ಕಿಂತ ಬೇಗ ನಾಟುತ್ತದೆ.

ಸಹೋದರಿಯರೇ, ಇಂಜಿನ್ನಿನಲ್ಲಿ ಕಂಡ ಈ ಇಕ್ಕಟ್ಟು ನಮ್ಮ ಮನೆಗಳೊಳಗೂ ಇದೆ. ಹತ್ತು ವರ್ಷ ಗಲ್ಫಿನಲ್ಲಿ ದುಡಿದ ಮಗ ಊರಿಗೆ ಮರಳುತ್ತಾನೆ. ತಲಾಖ್ ಆದ ಮಗಳು, ಗಂಡನನ್ನು ಕಳೆದುಕೊಂಡ ತಂಗಿ ತವರಿಗೆ ಬರುತ್ತಾರೆ. ಹುಟ್ಟಿ ಬೆಳೆದ ಮನೆ, ಆದರೂ ಜಾಗ ಸಾಲದು. ಮನೆಯವರು ಕೆಟ್ಟವರೆಂದಲ್ಲ. ಒಬ್ಬರು ಹೋದಾಗ ಉಳಿದವರು ಅಲುಗಾಡದಂತೆ ಸಂಸಾರವನ್ನು ಬಿಗಿ ಮಾಡಿಕೊಂಡಿರುತ್ತಾರೆ. ಅವಳ ಕೋಣೆ ಅತ್ತಿಗೆಯದಾಗಿರುತ್ತದೆ. ಅವಳ ಬೀರು ಮಕ್ಕಳ ಪುಸ್ತಕಗಳಿಂದ ತುಂಬಿರುತ್ತದೆ. ಆಗ ಕೆಲವು ಮನೆಗಳಲ್ಲಿ ಮಾತಿನ ಸುತ್ತಿಗೆ ಏಳುತ್ತದೆ: "ಹೊಂದಿಕೊಂಡು ಹೋಗು, ಇಲ್ಲವೆಂದರೆ ಬಂದ ದಾರಿ ಹಿಡಿ." ಈ ಪೆಟ್ಟಿಗೆ ಸೀಳುವುದು ಮನುಷ್ಯರ ಮನಸ್ಸು. ಅದಕ್ಕೆ ಬಿಡಿಭಾಗ ಯಾವ ಊರಿನ ಅಂಗಡಿಯಲ್ಲೂ ಸಿಗುವುದಿಲ್ಲ.

ಸಭೆಗಳಲ್ಲಿ ಜಾಗ ಬಿಟ್ಟುಕೊಡಿರೆಂದು ಹೇಳಿದಾಗ ಬಿಟ್ಟುಕೊಡಬೇಕು, ಹಾಗೆ ಮಾಡಿದವರಿಗೆ ಅಲ್ಲಾಹನು ವೈಶಾಲ್ಯವನ್ನು ಕೊಡುವನು ಎಂಬ ಬೋಧನೆ ಸೂರಃ ಮುಜಾದಲದಲ್ಲಿದೆ. ಸಭೆಯಲ್ಲಿ ಅಪರಿಚಿತನಿಗೇ ಜಾಗ ಬಿಡಬೇಕಾದರೆ, ಸ್ವಂತ ಮನೆಯಲ್ಲಿ ಒಡಹುಟ್ಟಿದವಳಿಗೆ ಬಿಡಬೇಡವೇ? ಬೇಕಾಗಿರುವುದು ಹೊಸ ಮನೆಯಲ್ಲ. ಬೀರುವಿನಲ್ಲಿ ಒಂದು ಅರೆ, ದಸ್ತರ್‌ಖಾನಿನಲ್ಲಿ ಕರೆಯದೆಯೂ ಬಂದು ಕೂರಬಹುದಾದ ಒಂದು ಜಾಗ, ಅಡುಗೆಮನೆಯಲ್ಲಿ "ಇವತ್ತು ಏನು ಮಾಡೋಣ?" ಎಂದು ಅವಳನ್ನೂ ಕೇಳುವ ಒಂದು ಮಾತು. ನಾವು ಒಂದೆರಡು ಮಿಲಿಮೀಟರ್ ಸರಿದರೆ ಅವಳಿಗೆ ಅಷ್ಟು ಸಾಕಾಗುತ್ತದೆ.

ನಿಮ್ಮ ಮನೆಗೆ ಹಾಗೆ ಮರಳಿ ಬಂದವರಿದ್ದರೆ ಈ ವಾರವೇ ಅವರಿಗೆಂದು ಒಂದು ಅರೆ ಖಾಲಿ ಮಾಡಿಕೊಡಿ. ಅಲ್ಲಾಹನು ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ವಿಶಾಲಗೊಳಿಸಲಿ. ಆಮೀನ್.